ಬಿ.ಎಡ್.: ಐದು ವರ್ಷದ ದಾರಿಯೋ, ನಾಲ್ಕು ವರ್ಷದ್ದೋ?

ಪಿಯುಸಿ ಮುಗಿಸಿ, ಬಿ.ಎಡ್. ಮೂಲಕ ಶಿಕ್ಷಕ ವೃತ್ತಿಗೆ ಬರಬಯಸುವವರ ಮುಂದೆ ಎರಡು ದಾರಿಗಳಿವೆ. ಮೂರು ವರ್ಷದ ಪದವಿಯ ನಂತರ ಎರಡು ವರ್ಷ ಬಿ.ಎಡ್. ಮಾಡುವುದು ಒಂದಾದರೆ, ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯಂತಹ ಕಡೆ ಪ್ರವೇಶ ಪರೀಕ್ಷೆ ಬರೆದು ಪದವಿ ಮತ್ತು ಬಿ.ಎಡ್.ಗಳನ್ನು ನಾಲ್ಕೇ ವರ್ಷಗಳಲ್ಲಿ ಒಟ್ಟಿಗೆ ಮುಗಿಸುವುದು ಇನ್ನೊಂದು. ಎರಡನೆಯದರಲ್ಲಿ ಒಂದು ವರ್ಷದ ಖರ್ಚು ಉಳಿಯುವುದಷ್ಟೇ ಅಲ್ಲ, ಸಂಬಳವೂ ಒಂದು ವರ್ಷ ಮೊದಲೇ ಆರಂಭವಾಗಬಹುದು. ಆದರೆ ಸೀಟುಗಳು ಕಡಿಮೆ, ಪೈಪೋಟಿ ಹೆಚ್ಚು.

ನಿಜವಾದ ತೂಕ ಇರುವುದು ಸಾಲದಲ್ಲಿ. ಖಾಸಗಿ ಕಾಲೇಜಿನ ಶುಲ್ಕ, ಹಾಸ್ಟೆಲ್ ಎಲ್ಲ ಸೇರಿ 3 ಲಕ್ಷ ರೂಪಾಯಿ ಸಾಲವಾಯಿತೆಂದುಕೊಳ್ಳೋಣ. ಶೇ 10ರ ಬಡ್ಡಿಯಲ್ಲಿ ಏಳು ವರ್ಷಗಳಿಗೆ ತಿಂಗಳ ಕಂತು ಸುಮಾರು 4,980 ರೂಪಾಯಿ ಬರುತ್ತದೆ, ಓದುವ ಅವಧಿಯ ಬಡ್ಡಿಯನ್ನು ಆಗಾಗ ಕಟ್ಟದಿದ್ದರೆ ಅದೂ ಅಸಲಿಗೆ ಸೇರುತ್ತದೆ. ಖಾಸಗಿ ಶಾಲೆಯೊಂದು 15,000 ರೂಪಾಯಿ ಕೊಟ್ಟರೆ ಮೂರನೇ ಒಂದು ಭಾಗ ಬ್ಯಾಂಕಿಗೇ ಹೋಗುತ್ತದೆ, ಮನೆ ಬಾಡಿಗೆಗೂ ಮೊದಲು. ಅದೇ 1 ಲಕ್ಷದ ಸಾಲಕ್ಕೆ ಕಂತು ಸುಮಾರು 1,660 ರೂಪಾಯಿ ಮಾತ್ರ.

ಏಳನೇ ವೇತನ ಆಯೋಗದ ಶಿಫಾರಸಿನಂತೆ 2024ರ ಆಗಸ್ಟ್‌ನಿಂದ ರಾಜ್ಯ ಸರ್ಕಾರಿ ನೌಕರರ ಕನಿಷ್ಠ ಮೂಲ ವೇತನವೇ 27,000 ರೂಪಾಯಿ; ಶಿಕ್ಷಕರದ್ದು ಅದಕ್ಕಿಂತ ಹೆಚ್ಚು. ಆದರೆ ಆ ಹುದ್ದೆಗೆ ಅಧಿಸೂಚನೆ ಯಾವಾಗ ಬರುವುದೆಂದು ಕಾಯುವ ಕಾಲದಲ್ಲೂ ಕಂತು ನಿಲ್ಲುವುದಿಲ್ಲ. ಆದ್ದರಿಂದ ಸರ್ಕಾರಿ ಸಂಬಳವನ್ನು ನಂಬಿ ಸಾಲ ಮಾಡಬೇಡಿ. ನಿಮ್ಮ ತಾಲ್ಲೂಕಿನ ಖಾಸಗಿ ಶಾಲೆಗಳು ಹೊಸಬರಿಗೆ ಕೊಡುವ ಸಂಬಳವನ್ನು ವಿಚಾರಿಸಿ, ಅದರಲ್ಲಿ ತೀರಿಸಬಹುದಾದಷ್ಟೇ ಸಾಲ ಪಡೆಯಿರಿ.