ರೋಮನ್ ಕಮಾನಿನ ಮರದ ಕಿಟ್: ಕಮಾನು ಗಟ್ಟಿ, ಕಾಲುವೆಗೆ ಇಳಿಜಾರೇ ಇಲ್ಲ

ಮನೆಯಲ್ಲಿ ಓದುವ ಮಕ್ಕಳಿದ್ದರೆ ಈ ಕಿಟ್ ತೆಗೆದುಕೊಳ್ಳಿ, ದುಡ್ಡು ದಂಡ ಆಗುವುದಿಲ್ಲ. ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ ಒಂದು ಸ್ಟೇಷನರಿ ಅಂಗಡಿಯಲ್ಲಿ 850 ರೂಪಾಯಿಗೆ ಸಿಕ್ಕಿತು. ಮಗಳು ಎಂಟನೇ ತರಗತಿ, ಸಮಾಜ ವಿಜ್ಞಾನದಲ್ಲಿ ರೋಮ್ ಪಾಠ ನಡೆದಿದೆ. ಸೀಸರ್, ಅಗಸ್ಟಸ್, ಸೆನೆಟ್ ಎಲ್ಲ ಬಾಯಿಪಾಠ. ಆದರೆ ಸುಮಾರು ಎರಡು ಸಾವಿರ ವರ್ಷದ ಹಿಂದೆ ಕಟ್ಟಿದ ಕಲ್ಲಿನ ಸೇತುವೆ ಇನ್ನೂ ಹೇಗೆ ನಿಂತಿದೆ ಅಂತ ಕೇಳಿದರೆ ಅವಳ ನೋಟ್ಸಿನಲ್ಲಿ ಉತ್ತರ ಇರಲಿಲ್ಲ. ಅದಕ್ಕೇ ತಂದೆ.

ಪೆಟ್ಟಿಗೆಯಲ್ಲಿ ಕಂಬಗಳು, ಒಂದು ಕಡೆ ಅಗಲ ಒಂದು ಕಡೆ ಸಣ್ಣ ಇರುವ ಮರದ ಕಲ್ಲುಗಳು, ಅರ್ಧ ಚಕ್ರದಂಥ ಒಂದು ಆಸರೆ, ಸೇತುವೆಯ ಮೇಲೆ ನೀರು ಹರಿಸಲು ಇಡುವ ಕಾಲುವೆ ಪಟ್ಟಿ. ಅಂಟು ಇಲ್ಲ, ಬೇಕಾಗಿಯೂ ಇಲ್ಲ. ಕಂಬಗಳ ನಡುವೆ ಆಸರೆ ನಿಲ್ಲಿಸಬೇಕು, ಎರಡೂ ಕಡೆಯಿಂದ ಕಲ್ಲು ಜೋಡಿಸುತ್ತಾ ಮೇಲೆ ಬರಬೇಕು, ಕೊನೆಗೆ ನಡುವಿನ ಕಲ್ಲು ಕೂರಿಸಿ ಆಸರೆಯನ್ನು ಮೆಲ್ಲಗೆ ಕೆಳಗೆ ಎಳೆಯಬೇಕು. ನಮ್ಮ ಗೌಂಡಿಗಳು ಸೆಂಟ್ರಿಂಗ್ ಅನ್ನುತ್ತಾರಲ್ಲ, ಅದೇ ಕೆಲಸ. ಆಸರೆ ತೆಗೆದ ಮೇಲೂ ಕಮಾನು ಹಾಗೇ ನಿಲ್ಲುತ್ತದೆ, ಮೇಲಿಂದ ಕೈಯಿಂದ ಒತ್ತಿದರೆ ಇನ್ನೂ ಬಿಗಿಯಾಗುತ್ತದೆ, ಯಾಕಂದ್ರೆ ಮೇಲಿನ ಭಾರ ಕಲ್ಲಿಂದ ಕಲ್ಲಿಗೆ ದಾಟಿ ಎರಡೂ ಬದಿಯ ಕಂಬಕ್ಕೆ ಹೋಗುತ್ತದೆ. ಕಂಬ ಸ್ವಲ್ಪ ಹೊರಗೆ ಸರಿಸಿದರೆ ಮಾತ್ರ ಎಲ್ಲ ಕುಸಿಯುತ್ತದೆ. ಇದನ್ನು ಕೈಯಿಂದ ಮಾಡಿ ನೋಡಿದ ಮಗು ಮರೆಯುವುದಿಲ್ಲ.

ನಮ್ಮ ಓಣಿಯ ಗೌಂಡಿ ಮಾಮಾ ಬಂದಿದ್ದರು. ಮಗಳ ಜೊತೆ ನೆಲದ ಮೇಲೇ ಕೂತು ಮತ್ತೆ ಮತ್ತೆ ಕಟ್ಟಿದರು. "ಒಂದನ್ನೊಂದು ಹಿಡಕೊಂಡು ಕುಂತಾವ ಮಗಳ, ಹಿಂಗಾಗಿ ಬೀಳೂದಿಲ್ಲ. ಬದಿ ಜಾರಿತಂದ್ರ ಎಲ್ಲಾ ಹೋತು" ಅಂದರು. ಕಿಟ್ ಜೊತೆ ಬಂದ ಪುಟದಲ್ಲಿ ಇಷ್ಟು ಚೆನ್ನಾಗಿ ಬರೆದಿಲ್ಲ.

ಇದಾದ ಮೇಲೆ ಮಕ್ಕಳನ್ನು ನಮ್ಮ ಕೋಟೆಯ ಜಾಮಾ ಮಸೀದಿಗೆ ಕರೆದುಕೊಂಡು ಹೋಗಿ. 1367ರ ಕಟ್ಟಡ, ಒಳಗೆ ಸಾಲು ಸಾಲು ಕಮಾನು. ರೋಮನ್ನರದ್ದು ಅರ್ಧ ಚಕ್ರ, ಬಹಮನಿಯವರದ್ದು ಮೇಲೆ ಚೂಪು. ಚೂಪು ಕಮಾನು ಕಂಬವನ್ನು ಬದಿಗೆ ತಳ್ಳುವುದು ಕಡಿಮೆ. ಕಿಟ್ ಕಟ್ಟಿ ಬಂದವರಿಗೆ ಈ ಫರಕು ಅಲ್ಲಿ ನಿಂತ ಕೂಡಲೇ ಕಾಣುತ್ತದೆ.

ಈಗ ದೊಡ್ಡ ತಪ್ಪಿಗೆ ಬರುತ್ತೇನೆ. ಕಾಲುವೆ ಪಟ್ಟಿ ಪೂರ್ತಿ ಮಟ್ಟಸ! ನೀರು ಹಾಕಿದರೆ ನಿಂತಲ್ಲೇ ನಿಲ್ಲುತ್ತದೆ. ರೋಮನ್ನರ ನೀರಿನ ಕಾಲುವೆಯ ಜೀವವೇ ಇಳಿಜಾರು, ಅದನ್ನೇ ಬಿಟ್ಟರೆ ಉಳಿದದ್ದೇನು? ಫ್ರಾನ್ಸಿನಲ್ಲಿರುವ ಪಾಂ ದು ಗಾರ್ ಸೇತುವೆ ನೋಡಿ. ಸುಮಾರು 49 ಮೀಟರ್ ಎತ್ತರ, ಮೂರು ಅಂತಸ್ತಿನ ಕಮಾನು, ಕೆಳಗಿನ ದೊಡ್ಡ ಕಲ್ಲುಗಳನ್ನು ಗಾರೆ ಇಲ್ಲದೆ ಜೋಡಿಸಿದ್ದಾರೆ. ಆದರೆ ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಬೇರೆ. ನೀಮ್ ಪಟ್ಟಣಕ್ಕೆ ನೀರು ಒಯ್ಯುತ್ತಿದ್ದ ಸುಮಾರು 50 ಕಿ.ಮೀ. ಕಾಲುವೆಯಲ್ಲಿ ಈ ಸೇತುವೆ ಒಂದು ತುಂಡು ಮಾತ್ರ, ಮತ್ತು ಆ ಇಡೀ ದಾರಿಯಲ್ಲಿ ಒಟ್ಟು ಇಳಿತ ಸುಮಾರು 12 ಮೀಟರ್ ಅಷ್ಟೇ, ಅಂದರೆ ಕಿಲೋಮೀಟರಿಗೆ ಸರಾಸರಿ 25 ಸೆಂ.ಮೀ. ಸುತ್ತಮುತ್ತ. ಪಂಪ್ ಇಲ್ಲ, ಲೇಸರ್ ಇಲ್ಲ. ಮಟ್ಟ ನೋಡಲು ಅವರ ಹತ್ತಿರ ಇದ್ದದ್ದು ಉದ್ದನೆಯ ಮರದ ಹಲಗೆ, ದಾರಕ್ಕೆ ಕಟ್ಟಿದ ತೂಕದ ಗುಂಡು, ಹಲಗೆಯ ಮೇಲೆ ಕೊರೆದ ಗೀರಿನಲ್ಲಿ ನೀರು. ಗೌಂಡಿ ಮಾಮಾ ಇವತ್ತಿಗೂ ಪೈಪಿನಲ್ಲಿ ನೀರು ತುಂಬಿ ಮಟ್ಟ ನೋಡುತ್ತಾರೆ, ಅವರಿಗೆ ಇದು ಹೇಳಿದ ತಕ್ಷಣ ತಿಳಿಯಿತು. ನಾವು ಪಟ್ಟಿಯ ಒಂದು ತುದಿಯ ಕೆಳಗೆ ರಟ್ಟಿನ ಚೂರು ಇಟ್ಟು ನೀರು ಹರಿಸಿದೆವು. ಕಂಪನಿಯವರು ಒಂದು ಕಂಬ ಸ್ವಲ್ಪ ಗಿಡ್ಡ ಮಾಡಿದ್ದರೆ ಸಾಕಿತ್ತು ಅಲ್ವಾ?

ಕಿಟ್‌ನ ಚಿತ್ರಗಳಲ್ಲಿ ಬರೀ ಸೇತುವೆ ತೋರಿಸಿರುವುದೂ ಸರಿಯಲ್ಲ. ರೋಮ್ ಊರಿನ ಮೊದಲ ಕಾಲುವೆ ಅಕ್ವಾ ಅಪ್ಪಿಯಾ, ಕ್ರಿ.ಪೂ. 312ರದ್ದು, ಹೆಚ್ಚುಕಡಿಮೆ ಪೂರ್ತಿ ನೆಲದೊಳಗೇ ಇತ್ತು. ಅಕ್ವಾ ಮಾರ್ಸಿಯಾ ಸುಮಾರು 91 ಕಿ.ಮೀ. ಉದ್ದ, ಅದರಲ್ಲೂ 80 ಕಿ.ಮೀ.ನಷ್ಟು ನೆಲದಡಿ. ಬೀದರ್ ಹತ್ತಿರದ ನೌಬಾದ್ ಕರೇಜ್ (ನೆಲದಡಿಯ ಹಳೆಯ ನೀರಿನ ಕಾಲುವೆ) ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಆ ವಿದ್ಯೆ ಬಂದದ್ದು ಪರ್ಷಿಯಾದಿಂದ, ರೋಮಿನಿಂದ ಅಲ್ಲ. ಆದರೆ ನೆಲದಡಿ ಸುರಂಗ, ಮೇಲಿಂದ ಇಳಿಯುವ ಬಾವಿಗಳು, ಸಣ್ಣ ಇಳಿಜಾರು, ಲೆಕ್ಕ ಒಂದೇ.

ಪುಟದಲ್ಲಿ ಕಮಾನನ್ನು ರೋಮನ್ನರೇ ಕಂಡುಹಿಡಿದರು ಅಂತ ಬರೆದಿದ್ದಾರೆ, ತಪ್ಪು. ಮೆಸೊಪಟೇಮಿಯಾದಲ್ಲಿ ಅವರಿಗಿಂತ ಎಷ್ಟೋ ಮೊದಲೇ ಇಟ್ಟಿಗೆ ಕಮಾನು ಇತ್ತು. ರೋಮನ್ನರು ಅದನ್ನು ಸೇತುವೆ, ಕಾಲುವೆ, ಕೊಲೋಸಿಯಂ, ಹೀಗೆ ಎಲ್ಲದಕ್ಕೂ ದೊಡ್ಡ ಪ್ರಮಾಣದಲ್ಲಿ ಬಳಸಿದರು. ಕಾಂಕ್ರೀಟ್ ಬಗ್ಗೆ ಒಂದು ಸಾಲೂ ಇಲ್ಲ, ಸಿಮೆಂಟ್ ಜಿಲ್ಲೆಯವರಾದ ನಮಗೆ ಅದೇ ಮೊದಲು ಬೇಕು! ರೋಮನ್ನರು ಕಾಂಕ್ರೀಟಿಗೆ ಸುಣ್ಣಕ್ಕೆ ಜ್ವಾಲಾಮುಖಿಯ ಬೂದಿ ಬೆರೆಸುತ್ತಿದ್ದರು, ಈಗ ಪಿಪಿಸಿ ಅನ್ನುವ ಸಿಮೆಂಟಿಗೆ ಕಲ್ಲಿದ್ದಲು ಸುಟ್ಟ ಹಾರುಬೂದಿ ಹಾಕುವಂತೆ. ರೋಮ್ ಊರಿನ ಪ್ಯಾಂಥಿಯನ್ ದೇವಾಲಯದ 43 ಮೀಟರ್ ಅಗಲದ ಗುಮ್ಮಟದಲ್ಲಿ ಕಬ್ಬಿಣದ ಸರಳು ಒಂದೂ ಇಲ್ಲ, ಮೇಲೆ ಹೋದಂತೆ ಹಗುರ ಕಲ್ಲು ಹಾಕಿ ಭಾರ ಇಳಿಸಿದ್ದಾರೆ.

ಪುಟ ಇಂಗ್ಲಿಷ್, ಹಿಂದಿಯಲ್ಲಿ ಮಾತ್ರ ಇದೆ. ಕನ್ನಡ ಮೀಡಿಯಂ ಮಕ್ಕಳಿಗೆ ದೊಡ್ಡವರು ಕೂತು ಹೇಳಬೇಕು. ಮರ ಚೆನ್ನಾಗಿದೆ, ಅಂಚು ನುಣುಪಾಗಿದೆ, ಆದರೆ ಮಳೆಗಾಲದಲ್ಲಿ ಕಲ್ಲುಗಳು ಸ್ವಲ್ಪ ಉಬ್ಬುತ್ತವೆ, ಸ್ಯಾಂಡ್‌ಪೇಪರ್‌ನಿಂದ ಉಜ್ಜಿದರೆ ಸರಿಹೋಗುತ್ತದೆ. ದುಡ್ಡು ಕೊಡುವ ಮೊದಲು ಅಂಗಡಿಯಲ್ಲೇ ಪೆಟ್ಟಿಗೆ ಬಿಚ್ಚಿಸಿ ನಡುವಿನ ಕಲ್ಲು ಇದೆಯಾ ನೋಡಿಕೊಳ್ಳಿ, ಬಿಡಿಯಾಗಿ ಸಿಗುವುದಿಲ್ಲ.