ಸ್ಕೌಟ್ ಕ್ಯಾಂಪಿಗೆ ಮೂರು ಥರ ಹಗ್ಗ ತಂದೆ, ಯಾವುದು ನಿಂತಿತು ಯಾವುದು ಜಾರಿತು ಹೇಳುತ್ತೇನೆ

ಮೊದಲೇ ಹೇಳಿಬಿಡುತ್ತೇನೆ, ಇದು ಬರೀ ಹಗ್ಗದ ರಿವ್ಯೂ. ಟೆಂಟು, ಟಾರ್ಚು, ಶೂ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ಹಗ್ಗವನ್ನು ಯಾರೂ ಕೇಳುವುದಿಲ್ಲ. ಆದರೆ ಸ್ಕೌಟ್ ಕ್ಯಾಂಪಿನ ಸ್ಪರ್ಧೆಗಳನ್ನು ನೋಡಿ: ಗಂಟಿನ ರಿಲೇ, ಗಳ ಕಟ್ಟಿ ಗೇಟು ನಿಲ್ಲಿಸುವುದು, ಟೆಂಟ್ ಹೂಡುವುದು, ಮುಳುಗುವವರಿಗೆ ಹಗ್ಗ ಎಸೆಯುವುದು. ಎಲ್ಲದಕ್ಕೂ ಹಗ್ಗವೇ ಬೇಕು.

ನಾನು ತುಮಕೂರು ಹತ್ತಿರದ ಒಂದು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಸ್ಕೌಟ್ ದಳವೂ ನನ್ನ ಕೊರಳಿಗೇ ಬಿದ್ದಿದೆ. ಹೋದ ನವೆಂಬರಿನಲ್ಲಿ ದೇವರಾಯನದುರ್ಗದ ಕಡೆ ಹೋಗುವ ದಾರಿಯಲ್ಲಿ ಪರಿಚಯದವರ ತೆಂಗಿನ ತೋಟದಲ್ಲಿ ಎರಡು ರಾತ್ರಿ ಕ್ಯಾಂಪ್ ಮಾಡಿದೆವು. ಬೆಟ್ಟದ ಸುತ್ತ ಕಾಡು, ಅಲ್ಲಿ ಒಲೆ ಹಚ್ಚುವ ಹಾಗಿಲ್ಲ, ಚಿರತೆ ಭಯ ಬೇರೆ. ತೋಟ ಅಂದರೆ ಪಂಪ್‌ಸೆಟ್ ನೀರೂ ಸಿಗುತ್ತದೆ, ಅಪ್ಪ ಅಮ್ಮಂದಿರೂ ಹೂಂ ಅನ್ನುತ್ತಾರೆ. 4 ಪ್ಯಾಟ್ರೋಲ್ (ಸ್ಕೌಟ್ ದಳದೊಳಗಿನ ಸಣ್ಣ ಗುಂಪು), ಒಂದೊಂದರಲ್ಲಿ 7 ಹುಡುಗರು.

ಹಗ್ಗ ಮೂರು ಥರ ತಂದಿದ್ದೆ. ಒಂದು, ಆನ್‌ಲೈನಿನಲ್ಲಿ ತರಿಸಿದ "ಕ್ಯಾಂಪಿಂಗ್ ಕಿಟ್". ಕೆಂಪು ಬಣ್ಣ, ಫಳಫಳ ಹೊಳೆಯುತ್ತೆ, ಪ್ಯಾಕೆಟ್ ಮೇಲೆ ನೈಲಾನ್ ಅಂತ ಬರೆದಿತ್ತು, ಬೆಲೆ ಮಾತ್ರ ಸಾವಿರದ ಮೇಲೆ. ಎರಡು, ನೂಲಿನ ಹಗ್ಗ. ಮೂರು, ಮಂಡಿಪೇಟೆಯಲ್ಲಿ ಕೆಜಿ ಲೆಕ್ಕದಲ್ಲಿ ತಂದ ತೆಂಗಿನ ನಾರಿನ ಹಗ್ಗ. ಅಂಗಡಿಯವರು ತೂಗುತ್ತಾ "ಏನ್ ಮೇಷ್ಟ್ರೇ, ಹಸು ತಗೊಂಡ್ರಾ?" ಅಂದರು. ಇಲ್ಲ ಸಾಹುಕಾರ್ರೇ, ಹುಡುಗರನ್ನ ಕಟ್ಟಿಹಾಕೋಕೆ ಅಂದೆ.

ಗೇಟು ಕಟ್ಟುವ ಸ್ಪರ್ಧೆಗೆ ಯಾವ ಹಗ್ಗ ಬೇಕೋ ಆರಿಸಿಕೊಳ್ಳಿ ಅಂದಿದ್ದೆ. ಹುಲಿ ಪ್ಯಾಟ್ರೋಲಿನವರು ಓಡಿ ಬಂದು ಕೆಂಪು ಹಗ್ಗ ಎತ್ತಿಕೊಂಡರು. ಕೊನೆಗೆ ಬಂದ ಹದ್ದಿನವರಿಗೆ ಉಳಿದದ್ದು ನಾರಿನ ಹಗ್ಗ, ಮುಖ ಸಪ್ಪೆ ಮಾಡಿಕೊಂಡು ಹೋದರು. ಗೇಟಿನ ನಿಂತ ಗಳಕ್ಕೆ ಅಡ್ಡ ಗಳ ಸೇರಿಸುವ ಸ್ಕ್ವೇರ್ ಲ್ಯಾಶಿಂಗ್ ಕಟ್ಟು ಗೊತ್ತಿಲ್ಲದವರಿಗೆ ಹೇಳುವುದಾದರೆ, ನಿಂತ ಗಳಕ್ಕೆ ಮೊದಲು ಕ್ಲೋವ್ ಹಿಚ್ ಅನ್ನೋ ಗಂಟು ಹಾಕಬೇಕು, ಅಡ್ಡ ಗಳವನ್ನು ಅದರ ಮೇಲೆ ಕೂರಿಸಿ ಎರಡನ್ನೂ ಸೇರಿಸಿ ಮೂರು ಸುತ್ತು, ಆಮೇಲೆ ಎರಡು ಗಳದ ನಡುವೆ ಹಗ್ಗ ತೂರಿಸಿ ಬಿಗಿಯಾಗಿ ಎರಡು ಮೂರು ಸುತ್ತು ಎಳೆದು, ಮತ್ತೆ ಕ್ಲೋವ್ ಹಿಚ್ಚಿನಲ್ಲಿ ಮುಗಿಸಬೇಕು. ಜೀವ ಇರುವುದು ಆ ನಡುವಿನ ಸುತ್ತಿನಲ್ಲೇ. ನಮ್ಮದು ತೊಗಟೆ ಸುಲಿದ ನೀಲಗಿರಿ ಗಳ, ನುಣ್ಣಗಿತ್ತು. ಕೆಂಪು ಹಗ್ಗವೂ ನುಣುಪು. ಎಳೆಯುವಾಗ ಬಿಗಿ ಆದ ಹಾಗೇ ಕಾಣುತ್ತೆ, ಕೈ ಬಿಟ್ಟ ಕೂಡಲೇ ಸಡಿಲ. ಪಾಪ, ಹುಡುಗರು ಮೂರು ಸಲ ಬಿಚ್ಚಿ ಕಟ್ಟಿದರು. ನಾನು ಹೋಗಿ ಗೇಟು ಹಿಡಿದು ಅಲ್ಲಾಡಿಸಿದರೆ ಆಯತ ಇದ್ದದ್ದು ನಿಧಾನಕ್ಕೆ ವಾಲಿ ಸಮಾಂತರ ಚತುರ್ಭುಜ ಆಯಿತು. ಕ್ಲಾಸಿನಲ್ಲಿ ಎಷ್ಟು ಸಲ ಚಿತ್ರ ಬರೆದರೂ ತಲೆಗೆ ಹೋಗದ್ದು ಅವತ್ತು ಹೋಯಿತು! ಎಲ್ಲಾ ತಪ್ಪೂ ಹಗ್ಗದ್ದೇ ಅಲ್ಲ ಬಿಡಿ, ಕರ್ಣಕ್ಕೆ ಒಂದು ಗಳ ಕಟ್ಟುವುದನ್ನೇ ಅವರು ಮರೆತಿದ್ದರು.

ಹದ್ದಿನವರ ಗೇಟು ಮಾತ್ರ ಕಲ್ಲಿನ ಹಾಗೆ ನಿಂತಿತು. ನಾರಿನ ಹಗ್ಗ ಒರಟು, ಗಳವನ್ನೂ ಕಚ್ಚುತ್ತೆ, ತನ್ನನ್ನೇ ತಾನೂ ಕಚ್ಚಿಕೊಳ್ಳುತ್ತೆ. ಆಮೇಲೆ ಯೋಚನೆ ಮಾಡಿದೆ, ಇದರಲ್ಲಿ ಆಶ್ಚರ್ಯ ಏನೂ ಇಲ್ಲ. ಸ್ಕೌಟ್ ಶುರು ಮಾಡಿದ ಬೇಡನ್ ಪೊವೆಲ್ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪಕ್ಕೆ ಹುಡುಗರನ್ನು ಕರೆದುಕೊಂಡು ಹೋಗಿ ಮೊದಲ ಕ್ಯಾಂಪ್ ಮಾಡಿದ್ದು 1907ರಲ್ಲಿ. ನೈಲಾನ್ ಹುಟ್ಟಿದ್ದು 1935ರಲ್ಲಿ. ಈ ಗಂಟು, ಈ ಕಟ್ಟು ಎಲ್ಲಾ ನಾರಿನ ಹಗ್ಗ ಬಳಸುವವರ ಕೈಯಲ್ಲಿ ಬೆಳೆದದ್ದು. ಜಾರುವ ಹಗ್ಗಕ್ಕೆ ಅಷ್ಟೇ ಸುತ್ತು ಸಾಕಾಗುವುದಿಲ್ಲ.

ನಾರಿನ ಹಗ್ಗಕ್ಕೆ ಪೂರ್ತಿ ಅಂಕ ಕೊಡುವುದಿಲ್ಲ. ಅಂಗೈ ತರಚುತ್ತೆ. ಇಬ್ಬರು ಹುಡುಗರ ಬೆರಳಿಗೆ ನಾರು ಚುಚ್ಚಿಕೊಂಡು ಸಂಜೆ ಪಿನ್ನಿನಲ್ಲಿ ತೆಗೆಯಬೇಕಾಯಿತು. ಒಂದೇ ಸುರುಳಿಯಲ್ಲಿ ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ. ಮನುಷ್ಯರ ಭಾರ ಹೊರುವ ಸೇತುವೆಗೆ ನಾನಂತೂ ಇದನ್ನು ಬಳಸಲ್ಲ. ಗಂಟಿನ ರಿಲೇಗೂ ಬೇಡ, ತುಂಬಾ ಪೆಡಸು.

ರಿಲೇಗೆ ನೂಲಿನ ಹಗ್ಗವೇ ಸರಿ. ರೀಫ್ ನಾಟ್, ಶೀಟ್ ಬೆಂಡ್, ಬೋಲೈನ್ ಯಾವುದೇ ಗಂಟು ಹಾಕಿ, ಮೆತ್ತಗೆ ಕೂರುತ್ತೆ, ಎಳೆದರೆ ಬಿಚ್ಚುತ್ತೆ. ಇಷ್ಟು ಹೇಳಿ ಖುಷಿಯಲ್ಲಿ ಟೆಂಟಿನ ಹಗ್ಗಕ್ಕೂ ಅದನ್ನೇ ಕಟ್ಟಿಸಿದೆ. ರಾತ್ರಿ ಎರಡು ಗಂಟೆಗೆ ಮಳೆ. ನೂಲಿನ ಹಗ್ಗ ನೆನೆದರೆ ಕುಗ್ಗುತ್ತೆ, ಅದಕ್ಕೇ ಮಲಗುವ ಮುಂಚೆ ಸ್ವಲ್ಪ ಸಡಿಲ ಬಿಡಬೇಕು ಅಂತ ಮಕ್ಕಳಿಗೆ ಪಾಠ ಮಾಡುವವನು ನಾನೇ, ಮರೆತವನೂ ನಾನೇ. ಎರಡು ಟೆಂಟಿನ ಗೂಟ ಕಿತ್ತು ಬಂದವು. ಬಿಚ್ಚೋಣ ಅಂದರೆ ಒದ್ದೆ ಗಂಟು ಕಲ್ಲಾಗಿತ್ತು, ಹಲ್ಲಲ್ಲಿ ಕಚ್ಚಿ ಎಳೆದರೂ ಬರಲಿಲ್ಲ. ಉಳಿದ ರಾತ್ರಿ ಪಂಪ್‌ಹೌಸಿನಲ್ಲಿ ಹದಿನಾಲ್ಕು ಹುಡುಗರು ಒಬ್ಬರ ಮೇಲೊಬ್ಬರು.

ಇನ್ನು ಅಡುಗೆ ಸ್ಪರ್ಧೆ. ಆನೆ ಪ್ಯಾಟ್ರೋಲಿನವರು ಮೂರು ಗಳದ ಮುಕ್ಕಾಲಿ ಕಟ್ಟಿ ಬೇಳೆ ಪಾತ್ರೆ ಇಳಿಬಿಟ್ಟಿದ್ದರು, ಇಳಿಬಿಟ್ಟದ್ದು ಕೆಂಪು ಹಗ್ಗದಲ್ಲಿ. ನಾನು ಇನ್ನೊಂದು ಕಡೆ ಇದ್ದೆ, ಗಮನಿಸಲಿಲ್ಲ. ಉರಿ ಜೋರಾಯಿತು, ಹಗ್ಗ ಕರಗಿ ಎಳೆಎಳೆಯಾಯಿತು, ಬೇಳೆ ಒಲೆ ಪಾಲಾಯಿತು. ಸದ್ಯ ಯಾರೂ ಹತ್ತಿರ ಇರಲಿಲ್ಲ. ಕರಗಿದ ಪ್ಲಾಸ್ಟಿಕ್ ಹನಿ ಚರ್ಮಕ್ಕೆ ಬಿದ್ದರೆ ಅಂಟಿಕೊಂಡೇ ಸುಡುತ್ತೆ, ಹಾಗಾಗಿ ಬೆಂಕಿ ಹತ್ತಿರ ಈ ಹಗ್ಗ ಬೇಡವೇ ಬೇಡ. ಹುಡುಗರಿಗೆ ಏನೂ ಬೇಜಾರಿಲ್ಲ, ಬೂದಿಯಲ್ಲಿ ಹೂತಿದ್ದ ಅರ್ಧ ಸುಟ್ಟ ಆಲೂಗಡ್ಡೆಯನ್ನೇ ಸಿಪ್ಪೆ ಸಮೇತ ಮುಗಿಸಿದರು. ಹಗ್ಗ ತಿನ್ನೋ ಹನುಮಂತರಾಯನಿಗೆ ಶಾವಿಗೆ ಯಾವ ಲೆಕ್ಕ!

ಆ ಕಿಟ್ಟಿಗೆ ಒಂದು ಒಳ್ಳೆ ಮಾತೂ ಹೇಳಬೇಕು. ಹಗ್ಗ ಎಸೆಯುವ ಸ್ಪರ್ಧೆಯಲ್ಲಿ ಅದಕ್ಕೆ ಸಾಟಿ ಇಲ್ಲ. ಸುರುಳಿ ಸಿಕ್ಕಾಗದೆ ಸರ್ ಅಂತ ಬಿಚ್ಚಿಕೊಂಡು ಹೋಗುತ್ತೆ, ದೂರ ಬೀಳುತ್ತೆ. ಆದರೆ ತೋಟದ ತೊಟ್ಟಿಗೆ ಬಿದ್ದಾಗ ನೋಡಿದರೆ ತೇಲುತ್ತಿದೆ. ನೈಲಾನ್ ನೀರಿಗಿಂತ ಭಾರ, ಮುಳುಗಬೇಕು. ತೇಲಿದರೆ ಅದು ಹೆಚ್ಚಾಗಿ ಪಾಲಿಪ್ರೊಪಿಲಿನ್ ಅನ್ನೋ ಪ್ಲಾಸ್ಟಿಕ್, ಕಮ್ಮಿ ಬೆಲೆಯದ್ದು, ಬಿಸಿಲಿಗೆ ಬಿಟ್ಟರೆ ಬೇಗ ಪುಡಿಯಾಗುತ್ತೆ. ನೀವೂ ಬಕೆಟ್ಟಿಗೆ ಒಂದು ತುಂಡು ಹಾಕಿ ನೋಡಿ. ನೀರಿನಲ್ಲಿರುವವರಿಗೆ ಎಸೆಯೋಕೆ ತೇಲುವುದೇ ಒಳ್ಳೆಯದು, ಅದು ಬೇರೆ ಮಾತು. ಆದರೆ ಮೇಲೆ ನೈಲಾನ್ ಅಂತ ಯಾಕೆ ಬರೆಯಬೇಕು? ಕಂಪನಿಗೆ ಬರೆದೆ. ಪ್ಯಾಕೆಟ್ ಒಡೆದಿರಬಾರದು ಅಂದರು. ಒಡೆಯದೆ ತೇಲಿಸೋದು ಹೇಗೆ ಸ್ವಾಮಿ?

ಅಂಕ ಕೊಡುವುದಾದರೆ 5ಕ್ಕೆ ನಾರಿನ ಹಗ್ಗಕ್ಕೆ 4, ನೂಲಿಗೆ ಮೂರೂವರೆ, ಕಿಟ್ಟಿಗೆ 2, ಅದೂ ಎಸೆದದ್ದಕ್ಕೆ.

ಸ್ಕೌಟ್ ಪುಸ್ತಕಗಳಲ್ಲಿ ಲ್ಯಾಶಿಂಗಿಗೆ ಸೈಸಲ್ ಹಗ್ಗ ಅಂತಾರೆ. ಅದು ನಮ್ಮ ಬದುಗಳ ಮೇಲಿನ ಕತ್ತಾಳೆ ಜಾತಿಯದ್ದೇ. ನಮ್ಮ ತಾತ ಕೆರೆಯಲ್ಲಿ ಕತ್ತಾಳೆ ಪಟ್ಟೆ ಕೊಳೆಹಾಕಿ, ಬಡಿದು, ನಾರು ತೆಗೆದು ಹಗ್ಗ ಹೊಸೆಯುತ್ತಿದ್ದರು. ಗುಬ್ಬಿ, ಶಿರಾ, ಮಧುಗಿರಿ ಕಡೆ ಈಗಲೂ ಯಾರಾದರೂ ಹೊಸೆಯುತ್ತಿದ್ದರೆ ದಯವಿಟ್ಟು ತಿಳಿಸಿ, ಜನವರಿಯ ಕ್ಯಾಂಪಿಗೆ ಹತ್ತು ಕೆಜಿ ಬೇಕು.