ಲೋನ್ ತೀರಿದರೆ ಸಾಲದು, ಆರ್‌ಸಿಯಿಂದ ಎಚ್‌ಪಿ ಹೋಗಿರಬೇಕು

ಸೆಕೆಂಡ್ ಹ್ಯಾಂಡ್ ಕಾರು ಹುಡುಕುತ್ತಿದ್ದೀರಾ? ಇಂಜಿನ್, ಟೈರು, ಎಷ್ಟು ಓಡಿದೆ ಅನ್ನುವುದನ್ನೆಲ್ಲ ಆಮೇಲೆ ನೋಡಿ. ಮೊದಲು ಆರ್‌ಸಿ ಕೇಳಿ. ಅದರಲ್ಲಿ ಹೈಪೊಥಿಕೇಶನ್ (ಎಚ್‌ಪಿ, ಅಂದರೆ ಗಾಡಿ ಸಾಲಕ್ಕೆ ಅಡವಿದೆ ಎಂಬ ನಮೂದು) ಅಂತ ಬ್ಯಾಂಕಿನದೋ ಫೈನಾನ್ಸ್ ಕಂಪನಿಯದೋ ಹೆಸರಿದ್ದರೆ, "ಲೋನ್ ಯಾವತ್ತೋ ಕ್ಲಿಯರ್ ಆಗಿದೆ ಸಾರ್" ಎಂಬ ಮಾತು ನಂಬಿ ಹಣ ಕೊಡಬೇಡಿ. ನಮಗೆ ಆ ಮಾತು ಹೇಳಿದವರು ಸುಳ್ಳು ಹೇಳಿರಲಿಲ್ಲ. ಲೋನ್ ನಿಜವಾಗಿಯೂ ತೀರಿತ್ತು. ಆದರೂ ಕಾರು ನಮ್ಮ ಹೆಸರಿಗೆ ಆಗಲೇ ಇಲ್ಲ.

ಕಾರು ಬಂದಿದ್ದು ಬ್ರೋಕರ್ ಒಬ್ಬರ ಮೂಲಕ. ಮಾಲೀಕರು ಸಭ್ಯರು, ಕಾರನ್ನೂ ಚೆನ್ನಾಗಿ ಇಟ್ಟುಕೊಂಡಿದ್ದರು. ಆರ್‌ಸಿಯಲ್ಲಿ ಫೈನಾನ್ಸ್ ಕಂಪನಿಯ ಹೆಸರಿತ್ತು. ಕೇಳಿದೆವು. ಲೋನ್ ಸ್ಟೇಟ್‌ಮೆಂಟ್ ತೋರಿಸಿದರು. ಎಲ್ಲ ಕಂತು ಕಟ್ಟಿತ್ತು, ಬಾಕಿ ಸೊನ್ನೆ. ಕಂಪನಿಯ ಶಾಖೆಗೂ ಫೋನ್ ಮಾಡಿ ವಿಚಾರಿಸಿದೆವು. ಅಕೌಂಟ್ ಕ್ಲೋಸ್ ಆಗಿದೆ ಅಂದರು. ಎನ್‌ಒಸಿ, ಅಂದರೆ ಎಚ್‌ಪಿ ತೆಗೆಯಲು ನಮ್ಮ ಆಕ್ಷೇಪಣೆ ಇಲ್ಲ ಅಂತ ಕಂಪನಿ ಕೊಡುವ ಪತ್ರ, ಇನ್ನೇನು ಬಂದೇಬಿಡುತ್ತದೆ ಅಂದರು ಬ್ರೋಕರ್. ಅಗ್ರಿಮೆಂಟ್ ಆಯಿತು. ಟ್ರಾನ್ಸ್‌ಫರ್ ಆದಮೇಲೆ ಕೊಡುತ್ತೇವೆ ಅಂತ ಒಂದಿಷ್ಟು ಹಣ ಉಳಿಸಿಕೊಂಡು ಮಿಕ್ಕಿದ್ದು ಕೊಟ್ಟು ಕಾರು ತಂದೆವು.

ಎನ್‌ಒಸಿ ಬರಲಿಲ್ಲ. ಇವತ್ತು ನಾಳೆ ಅಂತ ತಿಂಗಳುಗಳು ಹೋದವು. ಕೊನೆಗೆ ಮಾಲೀಕರನ್ನೇ ಕರೆದುಕೊಂಡು ಶಾಖೆಗೆ ಹೋದಾಗ ವಿಷಯ ಹೊರಗೆ ಬಂತು. ಅವರು ತಮ್ಮ ಭಾವಮೈದುನನ ಗೂಡ್ಸ್ ಗಾಡಿ ಸಾಲಕ್ಕೆ ಇದೇ ಕಂಪನಿಯಲ್ಲಿ ಜಾಮೀನು ಹಾಕಿದ್ದರು. ಆ ಸಾಲ ಸುಸ್ತಿಯಾಗಿತ್ತು. ಕಾರಿನ ಸಾಲಪತ್ರದಲ್ಲೇ ಒಂದು ಷರತ್ತು ಇತ್ತು: ಸಾಲಗಾರ ಬೇರೆ ಯಾವುದೇ ಸಾಲ ಅಥವಾ ಜಾಮೀನಿನಲ್ಲಿ ಕಂಪನಿಗೆ ಬಾಕಿ ಇದ್ದರೆ ಈ ಗಾಡಿಯ ಮೇಲಿನ ಹಕ್ಕನ್ನೂ ಕಂಪನಿ ಬಿಡಬೇಕಾಗಿಲ್ಲ. ಸಣ್ಣ ಅಕ್ಷರದ ಹತ್ತಾರು ಪುಟಗಳಲ್ಲಿ ಅದನ್ನು ಯಾರು ಓದುತ್ತಾರೆ? ಪಾಪ, ಮಾಲೀಕರಿಗೂ ಗೊತ್ತಿದ್ದಂತೆ ಕಾಣಲಿಲ್ಲ. ಭಾವಮೈದುನ ಫೋನೇ ಎತ್ತುತ್ತಿರಲಿಲ್ಲ.

ಆರ್‌ಟಿಓಗೆ ಹೋದರೆ ಅವರು ಏನೂ ಮಾಡುವ ಹಾಗಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 51ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿ ಯಾರ ಹೆಸರಿಗೆ ಎಚ್‌ಪಿ ಇದೆಯೋ ಅವರ ಲಿಖಿತ ಒಪ್ಪಿಗೆ ಇಲ್ಲದೆ ಮಾಲೀಕತ್ವ ಬದಲಾಯಿಸುವಂತಿಲ್ಲ. ಮಾಲೀಕತ್ವ ಬದಲಾವಣೆಯ ಫಾರ್ಮ್ 29, ಫಾರ್ಮ್ 30ಕ್ಕೆ ಮಾಲೀಕರು ಸಹಿ ಹಾಕಿಕೊಟ್ಟಿದ್ದರು. ಅವು ನಮ್ಮ ಫೈಲಿನಲ್ಲೇ ಉಳಿದವು. ಬೇಕಾಗಿದ್ದು ಫಾರ್ಮ್ 35. ಸಾಲದ ಕರಾರು ಮುಗಿದಿದೆ ಅಂತ ಮಾಲೀಕರೂ ಸಾಲ ಕೊಟ್ಟವರೂ ಇಬ್ಬರೂ ಸಹಿ ಹಾಕಬೇಕಾದ ಕಾಗದ ಅದು. ಅದರ ಮೇಲೆ ಕಂಪನಿಯ ಸೀಲು ಬೀಳದೆ ಎಚ್‌ಪಿ ತೆಗೆಯುವುದಿಲ್ಲ.

ರಿಸರ್ವ್ ಬ್ಯಾಂಕಿನ ನಿಯಮ ತೋರಿಸಿ ಅಂದವರು ಬಹಳ ಜನ. ನಿಯಮ ಇರುವುದು ನಿಜ. 2023ರ ಸೆಪ್ಟೆಂಬರ್‌ನಲ್ಲಿ ಹೊರಡಿಸಿದ್ದು, ಅದೇ ಡಿಸೆಂಬರ್ 1ರಿಂದ ಜಾರಿ. ವೈಯಕ್ತಿಕ ಸಾಲ (ಸ್ವಂತಕ್ಕೆ ತೆಗೆದ ಕಾರಿನ ಸಾಲವೂ ಇದರಲ್ಲಿ ಸೇರುತ್ತದೆ) ಪೂರ್ತಿ ತೀರಿದ 30 ದಿನದೊಳಗೆ ದಾಖಲೆ ವಾಪಸ್ ಕೊಟ್ಟು ನೋಂದಣಿಯಲ್ಲಿರುವ ಹಕ್ಕನ್ನು ತೆಗೆಸಬೇಕು, ತಡ ಮಾಡಿದ್ದು ಸಾಲ ಕೊಟ್ಟವರಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ. ಆದರೆ ಅದನ್ನು ಕೇಳಬೇಕಾದವರು ಸಾಲ ತೆಗೆದುಕೊಂಡವರು, ನಾವಲ್ಲ. ಕಂಪನಿಯ ಲೆಕ್ಕದಲ್ಲಿ ನಾವು ಯಾರೂ ಅಲ್ಲ. ಶಾಖೆಯಲ್ಲಿ ನಮ್ಮ ಅರ್ಜಿಗೆ ಸ್ವೀಕೃತಿ ಕೊಡಲೂ ಒಪ್ಪಲಿಲ್ಲ. ಮಾಲೀಕರಿಗೋ, ಜಾಮೀನಿನ ವಿಷಯ ಕೆದಕಿದರೆ ವಸೂಲಿಯವರು ಮನೆ ಬಾಗಿಲಿಗೆ ಬರುತ್ತಾರೆಂಬ ಭಯ.

ಅಲ್ಲಿಯವರೆಗೆ ಕಾರು ನಮ್ಮ ಗೇಟಿನೊಳಗೆ, ಹೆಸರು ಅವರದು. ಚಲನ್ ಬಂದರೆ ಮೆಸೇಜ್ ಅವರ ಮೊಬೈಲಿಗೆ. ಇನ್ಶೂರೆನ್ಸ್ ಅವರ ಹೆಸರಲ್ಲಿ, ಹಾಗಾಗಿ ಕಾರಿಗೆ ಏನಾದರೂ ಆದರೆ ರಿಪೇರಿ ಕ್ಲೇಮ್ ಮಾಡುವುದೇ ತಲೆನೋವು. ಊರು ದಾಟಿ ಹೋಗಲೇ ಧೈರ್ಯವಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂತಾರಲ್ಲ, ಹಾಗಾಯಿತು.

ಈ ಗಂಟು ಬಿಚ್ಚಿದ್ದು ನಮ್ಮ ವಕೀಲರು ಹೇಳಿದ ಒಂದು ವಿಷಯ. ಗಾಡಿ ಕೈ ಬದಲಾಗಿದ್ದರೂ ಆರ್‌ಟಿಓ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಅಪಘಾತವಾದರೆ ಪರಿಹಾರದ ಹೊಣೆ ಅವರ ಮೇಲೇ ಅಂತ 2018ರಲ್ಲಿ ನವೀನ್ ಕುಮಾರ್ ಮತ್ತು ವಿಜಯ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಇದನ್ನು ನೋಟಿಸಿನಲ್ಲಿ ಬರೆದು ಕಳಿಸಿದಾಗ ಮಾಲೀಕರು ಮಾತುಕತೆಗೆ ಬಂದರು. ಎನ್‌ಒಸಿ ತರಲು ಅವರಿಂದ ಆಗಲಿಲ್ಲ. ವ್ಯವಹಾರ ರದ್ದು ಮಾಡಿ ಕಾರು ಹಿಂದಕ್ಕೆ ಕೊಟ್ಟೆವು. ನಮ್ಮ ಹಣ ಕಂತುಕಂತಾಗಿ ಬಂತು. ಹಾಕಿಸಿದ ಹೊಸ ಟೈರು, ಬ್ಯಾಟರಿ, ಬ್ರೋಕರ್ ಕಮಿಷನ್ ಬರಲಿಲ್ಲ. ಹಳೆ ಗಾಡಿ ಡೀಲರ್‌ಗಳು ಆರ್‌ಟಿಓದಿಂದ ಅಧಿಕಾರ ಪತ್ರ ಪಡೆದಿರಬೇಕು ಅಂತ 2023ರ ಏಪ್ರಿಲ್‌ನಿಂದ ನಿಯಮ ಇದೆ. ನಮ್ಮ ಬ್ರೋಕರ್ ಹತ್ತಿರ ಅದಿದೆಯಾ ಅಂತ ಕೇಳಿದ್ದಕ್ಕೆ ಸುಮ್ನೆ ನಕ್ಕರು.

ಈಗ ನೀವು ಕೊಳ್ಳುವವರಾದರೆ, ಮಾಲೀಕರ ಜೊತೆ ಶಾಖೆಗೆ ಹೋಗಿ. "ಅಕೌಂಟ್ ಕ್ಲೋಸ್ ಆಗಿದೆಯಾ" ಅಂತ ಕೇಳಿದರೆ ಹೌದು ಅಂತಲೇ ಬರುತ್ತದೆ. "ಈ ಗಾಡಿಗೆ ಫಾರ್ಮ್ 35 ಇವತ್ತೇ ಕೊಡುತ್ತೀರಾ? ಇವರ ಹೆಸರಲ್ಲಿ ಬೇರೆ ಸಾಲ, ಟಾಪ್‌ಅಪ್, ಜಾಮೀನು ಇದೆಯಾ?" ಅಂತ ಕೇಳಿ. ಉತ್ತರ ಮಾಲೀಕರ ಎದುರಿಗೇ ಬರಲಿ. ಸಾಲ ಇನ್ನೂ ಬಾಕಿ ಇದ್ದು ನಿಮ್ಮ ಹಣದಿಂದಲೇ ತೀರಿಸಬೇಕಾದರೆ, ಸಾಲ ಪೂರ್ತಿ ತೀರಿಸಲು ಎಷ್ಟು ಕಟ್ಟಬೇಕು ಅಂತ ಹೇಳುವ ಫೋರ್‌ಕ್ಲೋಸರ್ ಲೆಟರ್ ತರಿಸಿ ಹಣವನ್ನು ನೇರವಾಗಿ ಲೋನ್ ಅಕೌಂಟಿಗೇ ಕಟ್ಟಿ. ಮಾಲೀಕರ ಕೈಗೂ ಬೇಡ, ಬ್ರೋಕರ್ ಕೈಗಂತೂ ಬೇಡವೇ ಬೇಡ.

ಆರ್‌ಸಿ ಕಾರ್ಡಿನಲ್ಲಿ ಫೈನಾನ್ಸ್ ಹೆಸರಿಲ್ಲ ಅಂತ ನಿಶ್ಚಿಂತೆಯಾಗಬೇಡಿ. ಕಾರ್ಡು ಪ್ರಿಂಟ್ ಆದಮೇಲೆ ಗಾಡಿಯ ಮೇಲೆ ಸಾಲ ಎತ್ತಿರಬಹುದು. ಸರ್ಕಾರದ ಪರಿವಾಹನ್ ವೆಬ್‌ಸೈಟಿನ ದಾಖಲೆಯಲ್ಲೂ ನೋಡಿ. ಎನ್‌ಒಸಿ ಕೈಗೆ ಸಿಕ್ಕರೆ ಅದರ ತಾರೀಖು ನೋಡಿ, ಕೊಟ್ಟ ಶಾಖೆಯಲ್ಲಿ ಅಸಲಿ ಹೌದಾ ಅಂತ ಕೇಳಿ. ನಕಲಿ ಎನ್‌ಒಸಿಗಳು ಓಡಾಡುತ್ತವೆ. ಗಾಡಿ ಬೇರೆ ರಾಜ್ಯದ್ದಾದರೆ ಗಾಡಿ ಹೊರಗೆ ಹೋಗಲು ಅಡ್ಡಿಯಿಲ್ಲ ಅಂತ ಅಲ್ಲಿನ ಆರ್‌ಟಿಓ ಕೊಡುವ ಫಾರ್ಮ್ 28 ಬೇರೆ ಬೇಕು. ಎರಡಕ್ಕೂ ಎನ್‌ಒಸಿ ಅಂತಲೇ ಕರೆಯುವುದರಿಂದ ಒಂದನ್ನು ತೋರಿಸಿ ಇನ್ನೊಂದು ಅಂತ ಸಾಗಹಾಕುವವರಿದ್ದಾರೆ.

ಟ್ರಾನ್ಸ್‌ಫರ್ ಆಗುವ ತನಕ ಸ್ವಲ್ಪ ಹಣ ಉಳಿಸಿಕೊಳ್ಳುವುದು ವಾಡಿಕೆ. ನಾವೂ ಉಳಿಸಿಕೊಂಡಿದ್ದೆವಲ್ಲ, ಅಷ್ಟರಿಂದ ಏನೂ ಆಗಲಿಲ್ಲ. ಎಚ್‌ಪಿ ಹೋಗುವ ತನಕ ಕೊಡುವುದು ಅಡ್ವಾನ್ಸ್ ಮಾತ್ರ ಆಗಿರಲಿ, ಕಾರೂ ಅವರ ಹತ್ತಿರವೇ ಇರಲಿ. ಒಪ್ಪದಿದ್ದರೆ ಬೇರೆ ಕಾರು ನೋಡಿ. ಮಾರುಕಟ್ಟೆಯಲ್ಲಿ ಕಾರಿಗೇನು ಬರವೇ?

ಮಾರುವವರಿಗೂ ಒಂದು ಮಾತು. ನಿಮ್ಮ ಲೋನ್ ಎಂದೋ ತೀರಿದ್ದು ಆರ್‌ಸಿಯಲ್ಲಿ ಎಚ್‌ಪಿ ಹಾಗೇ ಇದ್ದರೆ, ಮಾರುವ ಯೋಚನೆ ಇಲ್ಲದಿದ್ದರೂ ಈಗಲೇ ತೆಗೆಸಿ. ಸಾಲ ಕೊಟ್ಟ ಕಂಪನಿ ನಾಳೆ ಇನ್ನೊಂದರಲ್ಲಿ ವಿಲೀನವಾಗಬಹುದು, ಶಾಖೆ ಮುಚ್ಚಬಹುದು. ಆಮೇಲೆ ಫಾರ್ಮ್ 35ಕ್ಕೆ ಸಹಿ ಹಾಕುವವರನ್ನು ಹುಡುಕುವುದೇ ಒಂದು ಕೆಲಸವಾಗುತ್ತದೆ.